ಬೇವಿನ ಮರದ ಸ್ಟಾಪಿಗೆ ಒಂದು ಟಿಕೆಟ್

"ರೀ ಬಿಳಿ ಶರ್ಟು! ಹಿಂದೆ ಸೀಟು ಖಾಲಿ ಐತೆ, ಹೋಗಿ ಕೂತ್ಕೋರಿ!"

ಬಿಳಿ ಶರ್ಟು ಅಲುಗಾಡಲಿಲ್ಲ. ಬಸ್ಸಿನ ನಡುವೆ ಕಂಬಿ ಹಿಡಿದುಕೊಂಡು, ನೆಟ್ಟಗೆ, ಮುಂದಿನ ಗಾಜನ್ನೇ ನೋಡುತ್ತ ನಿಂತಿತ್ತು.

"ನಿಮಗೇ ಹೇಳ್ತಿರೋದು!"

"ಪರವಾಗಿಲ್ಲ ಮೇಡಂ. ನಿಂತ್ಕೊಂಡೇ ಬರ್ತೀನಿ."

ಅಷ್ಟನ್ನೂ ಹೇಳಿದ್ದು ಮುಂದಿನ ಗಾಜಿಗೆ! ಕೂಗಿದವಳ ಕಡೆ ತಿರುಗಿಯೂ ನೋಡಲಿಲ್ಲ.

ಸರಿತಾಳಿಗೆ ಮೈಯೆಲ್ಲ ಉರಿದುಹೋಯಿತು.

ರಾಂಪುರದಿಂದ ಚಳ್ಳಕೆರೆಗೆ ಹೋಗುವ ಬೆಳಗಿನ ಬಸ್ಸಿಗೆ ಸರಿತಾ ಕಂಡಕ್ಟರು. ಖಾಕಿ ತೊಟ್ಟು ಆ ಬಸ್ಸು ಹತ್ತಿದರೆ ಅವಳೇ ಅದರ ರಾಣಿ. ಈ ಬಿಳಿ ಶರ್ಟಿನವನು ಬಿ.ಜಿ. ಕೆರೆಯಲ್ಲಿ ಹತ್ತುತ್ತಾನೆ. ಹೆಸರು ಅಮರೇಶ್ ಎಂದು ಬಸ್ಸಿನಲ್ಲಿ ಎಲ್ಲರಿಗೂ ಗೊತ್ತು. ಊರಿನ ದೊಡ್ಡಮನೆಯ ಮೊಮ್ಮಗ, ಚಳ್ಳಕೆರೆಯಲ್ಲಿ ಸ್ವಂತದ ಎಣ್ಣೆ ಮಿಲ್ಲು, ಮನೆಮುಂದೆ ಕಾರು. ಆದರೂ ಒಂದು ವಾರದಿಂದ ಬಸ್ಸಿಗೇ ಬರುತ್ತಿದ್ದಾನೆ, ಸೀಟಿದ್ದರೂ ಕೂರುತ್ತಿಲ್ಲ.

ಅವನು ಎಲ್ಲಿ ನಿಂತರೂ ಸರಿತಾ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇವತ್ತು ಖಾಲಿ ಇದ್ದದ್ದು ಒಂದೇ ಸೀಟು... ಅದು ಅವಳ ಅವ್ವನ ಪಕ್ಕದ್ದು!

ಅವ್ವ ಕೆಂಚಕ್ಕ ಚಳ್ಳಕೆರೆಯಲ್ಲಿ ಗಾರೆ ಕೆಲಸಕ್ಕೆ ಹೋಗುವವಳು. ಎಷ್ಟು ಒಗೆದರೂ ಸೀರೆಯಂಚಿನಲ್ಲಿ ಸಿಮೆಂಟಿನ ಕಲೆ, ಕಾಲ ಬಳಿ ಸಲಿಕೆ, ಬಾಂಡ್ಲಿ, ಮಡಿಲಲ್ಲಿ ಬುತ್ತಿ. ಮಗಳ ಬಸ್ಸಿಗೇ ಹೋಗಬೇಕೆಂಬುದು ಅವಳ ಹಟ. ದಿನದ ಮೊದಲ ಉಚಿತ ಟಿಕೆಟ್ಟನ್ನು ಮಗಳು ಹರಿದು ಕೊಟ್ಟಾಗ, ಅದನ್ನು ಕಣ್ಣಿಗೊತ್ತಿಕೊಂಡು ಎಲೆಅಡಿಕೆ ಚೀಲದಲ್ಲಿಟ್ಟುಕೊಳ್ಳುತ್ತಾಳೆ.

'ನಮ್ಮವ್ವನ ಪಕ್ಕ ಕೂತರೆ ಇವನ ಇಸ್ತ್ರಿ ಕೆಡುತ್ತದಾ?'

ಮನಸ್ಸಿಗೆ ಬಂದದ್ದು ಬಾಯಿಗೆ ಬರದಿದ್ದರೆ ಅವಳು ಸರಿತಾಳೇ ಅಲ್ಲ.

"ಯಾಕ್ರಿ ಸಾಹುಕಾರ್ರೇ, ಕೂಲಿಯವರ ಪಕ್ಕ ಕೂತ್ರೆ ಮೈಗೆ ಅಂಟ್ಕೊಳ್ತೈತಾ? ಬಸ್ಸಿನಾಗೆ ದೊಡ್ಡಮನೆ, ಸಣ್ಣಮನೆ ಅಂತ ಸೀಟು ಇರಲ್ಲ. ಅಷ್ಟು ಕಷ್ಟ ಆದ್ರೆ ನಿಮ್ಮ ಕಾರಾಗೆ ಹೋಗ್ರಿ!"

ಡ್ರೈವರ್ ಓಬಳಪ್ಪ ಕನ್ನಡಿಯಲ್ಲಿ ಕಣ್ಣರಳಿಸಿ ನೋಡಿದ.

"ಸುಮ್ನಿರೇ ಸರಿತಾ..." ಹಿಂದಿನಿಂದ ಕೆಂಚಕ್ಕನ ದನಿ ಬಂತು.

ಆಗ ಅಮರೇಶ್ ತಿರುಗಿದ. ಕುತ್ತಿಗೆಯಲ್ಲ, ಪಾದದಿಂದ ತಲೆಯವರೆಗೆ ಇಡೀ ಮನುಷ್ಯನೇ ತಿರುಗಿದ. ಮುಖ ಕೆಂಪಾಗಿತ್ತು. ಸರಿತಾಳನ್ನೂ ಅವಳ ಹಿಂದೆ ತಲೆ ತಗ್ಗಿಸಿ ಕೂತಿದ್ದ ಕೆಂಚಕ್ಕನನ್ನೂ ನೋಡಿ, ಹೋಗಿ ಕೆಂಚಕ್ಕನ ಪಕ್ಕ ಕೂತುಬಿಟ್ಟ.

'ಹಂಗೆ ಬಾ ದಾರಿಗೆ!' ಗೆದ್ದ ಸರಿತಾ ಜೋರಾಗಿ ಸೀಟಿ ಊದಿದಳು.

ಆ ಗೆಲುವು ಚಳ್ಳಕೆರೆ ಬರುವ ತನಕ ಮಾತ್ರ.

ಬಸ್ಸು ನಿಂತಿತು, ಜನ ಇಳಿದರು. ಅಮರೇಶ್ ಏಳಲಿಲ್ಲ. ಎರಡೂ ಕೈಯಿಂದ ಮುಂದಿನ ಸೀಟಿನ ಕಂಬಿ ಹಿಡಿದ, ಹಲ್ಲು ಕಚ್ಚಿದ, ಅರ್ಧ ಎದ್ದು ಮತ್ತೆ ಕೂತ. ಹಣೆಯಲ್ಲಿ ಬೆವರು.

"ಸೊಂಟ ಹಿಡ್ಕಂಡೈತಾ ಮಗ?" ಕೆಂಚಕ್ಕ ಬುತ್ತಿ ಬದಿಗಿಟ್ಟು ಅವನ ತೋಳಿಗೆ ಕೈ ಕೊಟ್ಟಳು. "ಏಳು, ನನ್ನ ಭುಜದ ಮೇಲೆ ಭಾರ ಹಾಕು."

ಸರಿತಾ ಬಾಗಿಲ ಬಳಿ ಕಲ್ಲಿನಂತೆ ನಿಂತಿದ್ದಳು. ಸಿಮೆಂಟಿನ ಸೀರೆಯ ಭುಜಕ್ಕೆ ಇಸ್ತ್ರಿ ಶರ್ಟಿನ ಕೈ ಊರಿಕೊಂಡು, ಇಂಚಿಂಚಾಗಿ ಎದ್ದು ಬಂದ ಅವನು ಅವಳ ಮುಂದೆ ನಿಂತ.

"ಮೇಡಂ, ಅವ್ವನ ಪಕ್ಕ ಅಂತಲ್ಲ. ಯಾರ ಪಕ್ಕಾನೂ ಕೂರಕ್ಕಾಗಲ್ಲ ನಂಗೆ. ಕೂತ್ರೆ ಬೆನ್ನು ಮರದ ಕೊರಡಾಗಿಬಿಡ್ತೈತೆ. ಕಾರಿಗಿಂತ ನಿಂತ್ಕೊಂಡು ಬರೋ ಬಸ್ಸೇ ಮೇಲು ಅಂತ ಬರ್ತೀನಿ."

"ಮತ್ತೆ... ಮತ್ತೆ ಇವತ್ತು ಯಾಕೆ ಕೂತ್ರಿ?"

"ನಿಮ್ಮವ್ವ ತಲೆ ತಗ್ಗಿಸಿದ್ರಲ್ಲ. ಅದನ್ನ ನೋಡಕ್ಕಾಗಲಿಲ್ಲ."

ಅವನು ನಿಧಾನವಾಗಿ ಮೆಟ್ಟಿಲಿಳಿದು ಹೋದ. ಸರಿತಾಳ ಕಣ್ಣು ತುಂಬಿಬಂತು. 'ನನ್ನ ಅವ್ವನಿಗೆ ಅವಮಾನ ಆಗಬಾರದು ಅಂತ ಇಷ್ಟು ದೂರ ನೋವು ನುಂಗಿಕೊಂಡು ಬಂದನಲ್ಲ... ಎಂಥವನಿಗೆ ಏನಂದುಬಿಟ್ಟೆ!'

*

ಮರುದಿನ ಬಿ.ಜಿ. ಕೆರೆಯಲ್ಲಿ ಅವನು ಹತ್ತಿದಾಗ ಸರಿತಾ ಹಿಂದಿನಿಂದ ಕೂಗಲಿಲ್ಲ. ಜನರ ನಡುವೆ ನುಗ್ಗಿ ಬಂದು ಅವನ ಎದುರಿಗೇ ನಿಂತಳು. ಕುತ್ತಿಗೆ ತಿರುಗದವನನ್ನು ಮಾತಾಡಿಸುವುದು ಹಾಗೆ ಎಂದು ರಾತ್ರಿಯೆಲ್ಲ ಯೋಚಿಸಿ ಕಂಡುಕೊಂಡಿದ್ದಳು.

"ನಿನ್ನೆ ನನ್ನ ನಾಲಿಗೆ ಉದ್ದ ಆಯ್ತು. ತಪ್ಪಾಯ್ತು ಕಣ್ರಿ."

"ಅವ್ವನಿಗೋಸ್ಕರ ಮಾತಾಡಿದ್ರಿ. ಅದ್ರಾಗೆ ತಪ್ಪೇನೈತೆ?" ಅವನು ನಕ್ಕ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಸರಿತಾ ಅದನ್ನು ನೋಡದ ಹಾಗೆ ನೋಡಿದಳು.

"ಏನ್ರಿ ಅದು ಕಾಯಿಲೆ?"

"ಬೆನ್ನುಮೂಳೆ ವಾತ. ಕಾಲೇಜು ಮುಗಿಸಿದ ಮೇಲೆ ಶುರುವಾಯ್ತು. ಸೊಂಟದ ಕೀಲು, ಬೆನ್ನು, ಎಲ್ಲ ಒಳಗೊಳಗೇ ಊದ್ಕೊಳ್ತೈತೆ. ಹಂಗೇ ಬಿಟ್ರೆ ಮೂಳೆಗೆ ಮೂಳೆ ಅಂಟ್ಕೊಂಡು ಬಿಡ್ತೈತಂತೆ. ಕೂತ್ರೆ ಜಾಸ್ತಿ, ಮಲಗಿದ್ರೆ ಇನ್ನೂ ಜಾಸ್ತಿ. ಓಡಾಡಿದ್ರೆ ಸಡಿಲ ಆಗ್ತೈತೆ."

"ಹಂಗಾದ್ರೆ ಓಡಾಡ್ರಿ ಮತ್ತೆ!"

"ದಾವಣಗೆರೆ ಡಾಕ್ಟ್ರೂ ಅದನ್ನೇ ಹೇಳ್ತಾರೆ. ಔಷಧಿ ತಪ್ಪಿಸಬಾರ್ದು, ಅದರ ಜೊತೆಗೆ ದಿನಾ ನಡೀಬೇಕು, ಮೈ ಬಗ್ಗಿಸಬೇಕು ಅಂತ." ಅವನ ನಗು ಸಣ್ಣದಾಯಿತು. "ಮನೆಯಾಗೆ ಬಸವಲಿಂಗಮ್ಮ ಅಂತ ನಮ್ಮಜ್ಜಿ ಐತೆ. ಅವ್ವ ತೀರ್ಕೊಂಡ ಮೇಲೆ ನನ್ನ ಸಾಕಿದ್ದೇ ಅದು. ನಾನು ಎದ್ದು ನಿಂತ್ರೆ ಸಾಕು, ಕಂಬಳಿ ಹಿಡ್ಕೊಂಡು ಬರ್ತೈತೆ. ಮಿಲ್ಲಾಗೆ ಕುರ್ಚಿ ಮೇಲೆ ಮೆತ್ತೆ, ಮೆತ್ತೆ ಮೇಲೆ ಇನ್ನೊಂದು ಮೆತ್ತೆ! ಎಲ್ರೂ ಸೇರಿ ನನ್ನ ಗಾಜಿನ ಸಾಮಾನು ಮಾಡ್ಬಿಟ್ಟಾರೆ."

"ಅವರನ್ನ ಬಿಡ್ರಿ. ನಡೆಯಕ್ಕೆ ನಿಮಗೇನಾಗೈತೆ?"

ಆ ಪ್ರಶ್ನೆ ನೇರವಾಗಿ ನಾಟಿತು. ಅವನು ಗಾಜಿನಾಚೆಯ ಜಾಲಿಗಿಡಗಳತ್ತ ಕಣ್ಣು ಹೊರಳಿಸಿದ.

"ನಾನು ತಾಲ್ಲೂಕು ಟೀಮಾಗೆ ವಾಲಿಬಾಲ್ ಆಡಿದೋನು. ಈಗ ರೋಡಿನಾಗೆ ನಡೆದ್ರೆ ಜನ ನಿಂತು ನೋಡ್ತಾರೆ. 'ಅಯ್ಯೋ ಪಾಪ' ಅಂತಾರೆ. ನೋವು ತಡ್ಕೊಳ್ತೀನಿ ಮೇಡಂ... ಅದೊಂದು ಮಾತು ತಡೆಯಕ್ಕಾಗಲ್ಲ."

ಅಯ್ಯೋ ಪಾಪ!

ಆ ಮಾತು ಸರಿತಾಳಿಗೆ ಹೊಸದೇ? ಅಪ್ಪ ಇಲ್ಲದ ಹುಡುಗಿ, ಅಯ್ಯೋ ಪಾಪ. ಗಾರೆಯವಳ ಮಗಳು, ಅಯ್ಯೋ ಪಾಪ. ಖಾಕಿ ಹಾಕುವ ದಿನದವರೆಗೂ ಅದನ್ನು ಕೇಳಿ ಕೇಳಿ ಬೆಳೆದವಳು ಅವಳು. ಅವಳು ಮೂಗು ಸೇದಿ, ಟಿಕೆಟ್ ಮಷೀನು ಕೈಗೆತ್ತಿಕೊಂಡಳು.

"ಎಲ್ಲಿಗೆ?"

"ದಿನಾ ಹೋಗೋದೇ. ಚಳ್ಳಕೆರೆ."

"ಕೊಡಲ್ಲ."

"ಆಂ?"

"ಊರ ಹೊರಗಿನ ಪೆಟ್ರೋಲ್ ಬಂಕಿಗೆ ಕೊಡ್ತೀನಿ. ಅಲ್ಲಿಂದ ನಿಮ್ಮ ಮಿಲ್ಲಿಗೆ ನಡ್ಕೊಂಡು ಹೋಗ್ರಿ."

"ಮೇಡಂ, ಜನ..."

"ನೋಡ್ಲಿ ಬಿಡ್ರಿ! ನಾನು ಮೊದಲ್ನೇ ದಿನ ಖಾಕಿ ಹಾಕ್ಕೊಂಡಾಗ ಇಡೀ ರಾಂಪುರ ನಿಂತ್ಕೊಂಡು ನೋಡ್ತು. ನೋಡಿ ನೋಡಿ ಅವರಿಗೇ ಬೇಜಾರಾಗಿ ಅವರವರ ಕೆಲಸಕ್ಕೆ ಹೋದ್ರು. ನಡೆದ್ರೆ ತೊಂದ್ರೆ ಇಲ್ಲ ಅಂತ ಡಾಕ್ಟ್ರು ಹೇಳೌರೆ ತಾನೆ?"

"ಹೇಳೌರೆ."

"ತಗೋರಿ ಟಿಕೆಟ್ಟು."

ಬಂಕಿನ ಬಳಿ ಅವನು ಇಳಿದ. ಮೊದಲ ಹೆಜ್ಜೆಗಳು ಬಿಗಿಯಾಗಿದ್ದವು. ಬಸ್ಸು ಅವನನ್ನು ದಾಟುವಾಗ ಓಬಳಪ್ಪ ಬೇಕೆಂದೇ ಉದ್ದಕ್ಕೆ ಹಾರನ್ ಹೊಡೆದ. ಕೆಂಚಕ್ಕ ಕಿಟಕಿಯಿಂದ ಕೈ ಬೀಸಿದಳು. ಅವನು ತಲೆಯೆತ್ತಿ ನಕ್ಕದ್ದು ಹಿಂದಿನ ಗಾಜಿನಲ್ಲಿ ಸರಿತಾಳಿಗೆ ಕಂಡಿತು.

*

ಹೀಗೆ ಶುರುವಾಯಿತು ನೋಡಿ ಆ ಬಸ್ಸಿನ ಹೊಸ ಕಾನೂನು!

ಪೆಟ್ರೋಲ್ ಬಂಕಿನ ನಡಿಗೆ ಸಲೀಸಾದ ಮೇಲೆ ಸರಿತಾ ಅವನ ಟಿಕೆಟ್ಟನ್ನು ಹಿಂದಿನ ಸ್ಟಾಪಿಗೆ ಇಳಿಸಿದಳು, ಹಳೇ ಇಟ್ಟಿಗೆ ಗೂಡಿಗೆ. ಅದರ ಹಿಂದಿನದು ದೊಡ್ಡ ಬೇವಿನ ಮರದ ಸ್ಟಾಪು. ಅಲ್ಲಿಂದ ಮಿಲ್ಲು ಸಾಕಷ್ಟು ದೂರ.

"ಯುಗಾದಿ ಒಳಗೆ ಬೇವಿನ ಮರ!" ಎಂದಳು ಸರಿತಾ, ಮಾಮೂಲಿ ಗತ್ತಿನಲ್ಲಿ.

"ಆಗ್ತೈತಾ?"

"ನನ್ನ ಬಸ್ಸಾಗೆ ಬಂದೋರು ತಲುಪದೆ ಇರಲ್ಲ."

ಎಲ್ಲ ದಿನವೂ ಒಂದೇ ತರ ಇರುತ್ತಿರಲಿಲ್ಲ. ಕೆಲವು ಬೆಳಗು ಅವನು ಕಣ್ಣು ಕೆಂಪಗೆ ಮಾಡಿಕೊಂಡು, ನಿದ್ದೆಯಿಲ್ಲದೆ ಹತ್ತುತ್ತಿದ್ದ. ಅಂಥ ದಿನ ಸರಿತಾ ಸದ್ದಿಲ್ಲದೆ ಬಂಕಿಗೇ ಟಿಕೆಟ್ ಹರಿಯುತ್ತಿದ್ದಳು. ಚಳ್ಳಕೆರೆಗೆ ಮಾತ್ರ ಎಂದೂ ಕೊಡಲಿಲ್ಲ.

ತಳಕಿನಲ್ಲಿ ಬಸ್ಸು ಚಹಾಕ್ಕೆ ನಿಲ್ಲುತ್ತಿತ್ತು. ಡಾಕ್ಟರ ಕಡೆಯವರು ಹೇಳಿಕೊಟ್ಟ ವ್ಯಾಯಾಮವನ್ನು ಅಲ್ಲಿ ಮಾಡಬೇಕೆಂದು ಸರಿತಾಳ ಆಜ್ಞೆ. ನಾಚಿಕೊಂಡೇ ಅಮರೇಶ್ ಬಸ್ಸಿಗೆ ಬೆನ್ನು ಒರಗಿಸಿ, ತಲೆಯ ಹಿಂಭಾಗವನ್ನು ತಗಡಿಗೆ ಮುಟ್ಟಿಸಲು ನೋಡಿದ. ಎದೆ ತುಂಬ ಉಸಿರೆಳೆದು ಕೈ ಮೇಲೆತ್ತಿದ.

"ಏಮಯ್ಯಾ ಅಮರೇಶಾ, ಡ್ರೈವರ್ ಬೆನ್ನಿಗೂ ಆಗ್ತೈತಾ ಇದು?" ಆಂಧ್ರ ಗಡಿಯೂರಿನ ಓಬಳಪ್ಪ ಚಹಾ ಲೋಟ ಬಿಟ್ಟು ಬಂದು ಪಕ್ಕದಲ್ಲೇ ಒರಗಿ ನಿಂತ. ಅವನನ್ನು ನೋಡಿ ಗಾರೆ ಕೆಲಸದ ಪಾಪಕ್ಕ ಬಂದಳು. ಅವಳ ಹಿಂದೆ ಕೆಂಚಕ್ಕ. ಸ್ವಲ್ಪ ದಿನದಲ್ಲಿ ಅರ್ಧ ಬಸ್ಸು ಬೆನ್ನು ಒರಗಿಸಿಕೊಂಡು ಕೈ ಎತ್ತಿ ನಿಲ್ಲುತ್ತಿತ್ತು. ಚಹಾದಂಗಡಿಯವನು ನೋಡಿ ನೋಡಿ ಬಿದ್ದು ಬಿದ್ದು ನಗುತ್ತಿದ್ದ.

ಈಗ ಅಮರೇಶನನ್ನು ಯಾರೂ ನಿಂತು ನೋಡುತ್ತಿರಲಿಲ್ಲ. ನೋಡಬೇಕಾದವರೆಲ್ಲ ಅವನ ಸಾಲಿನಲ್ಲೇ ಇದ್ದರಲ್ಲ!

ಒಂದು ಬೆಳಗ್ಗೆ ಸರಿತಾ ಗದ್ದಲದಲ್ಲಿ ಅವನ ಎದುರಿಗೆ ಹೋಗುವುದನ್ನು ಮರೆತು, ಪಕ್ಕದಿಂದಲೇ "ಟಿಕೆಟ್" ಎಂದಳು.

ಅವನ ಕಾಲು ಕದಲಲಿಲ್ಲ, ಭುಜ ಕದಲಲಿಲ್ಲ. ಕುತ್ತಿಗೆ ಮಾತ್ರ... ನಿಧಾನವಾಗಿ, ಒಂದಿಷ್ಟೇ ಇಷ್ಟು... ಅವಳ ಕಡೆ ತಿರುಗಿತು. ಕಣ್ಣಿಗೆ ಕಣ್ಣು ಸೇರಿತು.

"ತಿರುಗಿದ್ರಿ!" ಎಂದಳು ಅವಳು.

"ಹೂಂ... ಸ್ವಲ್ಪ."

'ಸ್ವಲ್ಪವಂತೆ! ಇದಕ್ಕಿಂತ ಜಾಸ್ತಿ ತಿರುಗಿದ್ದರೆ ನಾನು ಬಸ್ಸಿನಿಂದ ಬೀಳುತ್ತಿದ್ದೆ.' ಅವಳ ಎದೆ ಹೆಮ್ಮೆಯಿಂದ ಉಬ್ಬಿಹೋಯಿತು. ತನಗೆ ಕೆಲಸ ಸಿಕ್ಕ ದಿನವೂ ಇಷ್ಟು ಹೆಮ್ಮೆಯಾಗಿರಲಿಲ್ಲ. ಆ ಹೊತ್ತಿನಲ್ಲಿ ಅವಳು ಪಾಪಕ್ಕನಿಗೆ ಗಂಡಸರ ಟಿಕೆಟ್ಟು ಕೊಟ್ಟುಬಿಟ್ಟಳು, ಬಸ್ಸಿನವರೆಲ್ಲ ನಕ್ಕದ್ದೂ ಅವಳ ಕಿವಿಗೆ ಬೀಳಲಿಲ್ಲ.

"ಬೇವಿನ ಮರದಿಂದ ಮಿಲ್ಲಿಗೆ ನಡೆದ ದಿನ ನಿಮಗೊಂದು ಮಾತು ಹೇಳ್ಬೇಕು," ಎಂದ ಅಮರೇಶ್, ಮೆಲ್ಲಗೆ.

"ಈಗ್ಲೇ ಹೇಳ್ರಿ."

"ಊಹೂಂ. ಮೊದಲು ನಡೀಬೇಕು. ಆ ಮಾತು ಹೇಳೋ ಯೋಗ್ಯತೆ ನಂಗೆ ಬರ್ಬೇಕಲ್ಲ."

ಸರಿತಾಳಿಗೆ ಆ ಮಾತು ಏನೆಂದು ಗೊತ್ತಾಗಲಿಲ್ಲವೇ? ಗೊತ್ತಾಯಿತು! ಅದಕ್ಕೇ ಅವತ್ತಿನಿಂದ ಅವಳಿಗೆ ಬೇವಿನ ಮರ ಬಂದಾಗಲೆಲ್ಲ ಮುಖ ಬಿಸಿಯಾಗುತ್ತಿತ್ತು.

*

ಯುಗಾದಿ ಹತ್ತಿರ ಬಂತು. ಅಮರೇಶ್ ಬರಲಿಲ್ಲ.

ಮೊದಲ ದಿನ ಏನೋ ಕೆಲಸವಿರಬೇಕು ಎಂದುಕೊಂಡಳು. ಎರಡನೇ ದಿನ ಬಿ.ಜಿ. ಕೆರೆಯಲ್ಲಿ ಬಸ್ಸನ್ನು ಸುಮ್ಮಸುಮ್ಮನೆ ಹೆಚ್ಚು ಹೊತ್ತು ನಿಲ್ಲಿಸಿದಳು. ಫೋನು ಮಾಡೋಣವೆಂದರೆ ನಂಬರಿಲ್ಲ. ದಿನಾ ಬೆಳಗ್ಗೆ ಎದುರಿಗೇ ಸಿಗುವವರ ಹತ್ತಿರ ನಂಬರು ಕೇಳಲು ಇಬ್ಬರಿಗೂ ಬಿಗುಮಾನ.

ಹಬ್ಬದ ಹಿಂದಿನ ದಿನ ಬಿ.ಜಿ. ಕೆರೆ ಸ್ಟಾಪಿನಲ್ಲಿ ಕಾರೊಂದು ನಿಂತಿತ್ತು. ಅದರಿಂದ ದಪ್ಪಂಚಿನ ಸೀರೆಯುಟ್ಟು, ಹಣೆಗೆ ವಿಭೂತಿ ಧರಿಸಿದ್ದ ಮುದುಕಿಯೊಬ್ಬರು ಇಳಿದು ಬಸ್ಸಿನ ಬಾಗಿಲಿಗೇ ಬಂದರು.

"ನನ್ನ ಮೊಮ್ಮಗನ್ನ ರೋಡಿಗಿಳಿಸಿ ನಡೆಸಿದೋಳು ನೀನೇನಾ?"

ಇವರೇ ಬಸವಲಿಂಗಮ್ಮ!

"ಅಜ್ಜಿ, ಅವರು ಹೆಂಗಿದ್ದಾರೆ?"

"ಹೆಂಗಿದ್ದಾನಾ? ಹಾಸಿಗೆ ಬಿಟ್ಟು ಏಳ್ತಿಲ್ಲ! ಮಗ್ಗಲು ತಿರುಗಬೇಕಾದ್ರೂ ಎರಡು ಜನ ಬೇಕು. ಹೂವಿನಂಗೆ ಇಟ್ಕೊಂಡಿದ್ದೆ ನಾನು. ಬಿಸಿಲಾಗೆ, ಧೂಳಾಗೆ ನಡೆಸಿ ನಡೆಸಿ ಮುರಿದು ಹಾಕಿದ್ಯಲ್ಲೇ! ನೀನೇನು ಡಾಕ್ಟ್ರಾ? ಟಿಕೆಟ್ ಹರಿಯೋಳು, ಟಿಕೆಟ್ ಹರಿಯೋದು ಬಿಟ್ಟು ನಿನಗ್ಯಾಕೆ ಬೇಕಿತ್ತು ಇದೆಲ್ಲ?"

ಬಸ್ಸಿನ ತುಂಬ ಜನ. ಕಾರು ಹೋದ ಮೇಲೂ ಸೀಟಿ ಊದಲು ಅವಳಿಗೆ ಉಸಿರಿರಲಿಲ್ಲ. ಓಬಳಪ್ಪನೇ ಸುಮ್ಮನೆ ಬಸ್ಸು ಬಿಟ್ಟ.

"ಯಾಕೆ ಸುಮ್ನಿದ್ದೆ?" ಕೆಂಚಕ್ಕ ಹತ್ತಿರ ಕರೆದು ಕೇಳಿದಳು. "ನನಗೋಸ್ಕರ ಅವತ್ತು ಅಷ್ಟು ಬಾಯಿ ಮಾಡ್ದೋಳು!"

"ಅವತ್ತು ನಂದೇ ಸರಿ ಅನ್ಕೊಂಡಿದ್ದೆ ಅವ್ವ, ತಪ್ಪಾಗಿತ್ತು. ಇದೂ ನಂದೇ ಸರಿ ಅನ್ಕೊಂಡಿದ್ದೆ..." ಅವಳು ಮುಖ ಮುಚ್ಚಿಕೊಂಡಳು. "ನನ್ನ ಗತ್ತಿಗೆ ಅವರ ಬೆನ್ನು ಬಲಿಯಾಯ್ತಾ ಅವ್ವ?"

ಆ ಯುಗಾದಿಗೆ ರಾಂಪುರದ ಅವರ ಮನೆಯಲ್ಲಿ ಹೋಳಿಗೆ ಮಾಡಿದರೂ ಸರಿತಾ ತಿನ್ನಲಿಲ್ಲ. ಹಬ್ಬ ಕಳೆದ ಮೇಲೆ ಡಿಪೋಗೆ ಹೋಗಿ ತನ್ನನ್ನು ಬಳ್ಳಾರಿ ಕಡೆಯ ಬಸ್ಸಿಗೆ ಹಾಕಿ ಎಂದು ಕೇಳಿಕೊಂಡಳು. ಬಿ.ಜಿ. ಕೆರೆಯ ಆ ಸ್ಟಾಪು, ಆ ಬೇವಿನ ಮರ, ದಿನಾ ನೋಡುತ್ತ ಕೆಲಸ ಮಾಡುವ ಶಕ್ತಿ ಅವಳಿಗಿರಲಿಲ್ಲ. ಎರಡು ವಾರ ಬಿಟ್ಟು ಡಿಪೋದವರು ಒಪ್ಪಿದರು.

*

ಚಳ್ಳಕೆರೆ ಬಸ್ಸಿನಲ್ಲಿ ಅವಳ ಕೊನೆಯ ಬೆಳಗು.

ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಿತು. ಬಾಗಿಲ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಬಂದವರನ್ನು ನೋಡಿ ಸರಿತಾಳ ಕೈಯಿಂದ ಟಿಕೆಟ್ ಮಷೀನು ಜಾರುವುದೊಂದು ಬಾಕಿ.

ಬಸವಲಿಂಗಮ್ಮ! ಕಾರಿಲ್ಲ, ಜೊತೆಗೆ ಯಾರೂ ಇಲ್ಲ. ಕೈಯಲ್ಲಿ ಆಧಾರ್ ಕಾರ್ಡು.

"ಹೆಂಗಸರಿಗೆ ಪುಕ್ಕಟೆ ಅಂತಾರಲ್ಲ, ಕೊಡವ್ವ ಒಂದು. ಚಳ್ಳಕೆರೆಗೆ."

ಸರಿತಾ ಟಿಕೆಟ್ಟು ಕೊಟ್ಟಳು. ಮುಂದಿನ ಸೀಟಿನ ಹುಡುಗಿ ಎದ್ದು ಜಾಗ ಬಿಟ್ಟಳು. ಅಜ್ಜಿ ಕೂರಲಿಲ್ಲ. ಮಂಡಿ ಹಿಡಿದುಕೊಂಡು, ಸೀಟಿನಿಂದ ಸೀಟಿಗೆ ಕೈಯಿಡುತ್ತ ಹಿಂದಕ್ಕೆ ಹೋಗಿ, ಕೆಂಚಕ್ಕನ ಪಕ್ಕದಲ್ಲಿ ಸಲಿಕೆ ಬಾಂಡ್ಲಿಯನ್ನು ಕಾಲಿನಿಂದ ಸರಿಸಿ ಕೂತರು.

"ಬಾ ಇಲ್ಲಿ," ಎಂದು ಸರಿತಾಳನ್ನು ಕರೆದರು. "ಅವತ್ತು ಜನರ ಮುಂದೆ ಬೈದೆ. ಅದಕ್ಕೇ ಈ ಮಾತೂ ಜನರ ಮುಂದೇನೇ ಆಡ್ತೀನಿ. ಹಬ್ಬ ಮುಗಿದ ಮೇಲೆ ಅವನ್ನ ದಾವಣಗೆರೆಗೆ ಕರ್ಕೊಂಡು ಹೋದ್ವಿ. ನಾನೇ ಡಾಕ್ಟ್ರಿಗೆ ಚಾಡಿ ಹೇಳ್ದೆ, ಬಸ್ಸಿನೋಳು ಹುಡುಗನ್ನ ನಡೆಸಿ ಕೆಡಿಸಿದ್ಲು ಅಂತ. ಅವರು ನನ್ನನ್ನೇ ಕೂರಿಸ್ಕೊಂಡು ಬೈದ್ರು ಕಣವ್ವಾ!"

ಸರಿತಾ ಇನ್ನೂ ಹತ್ತಿರ ಬಂದಳು.

"ಈ ಕಾಯಿಲೆ ಆಗಾಗ ಕೆರಳ್ತೈತಂತೆ. ನಡೆದಿದ್ದಕ್ಕೆ ಕೆರಳಿದ್ದಲ್ಲ. ಕೆರಳಿದಾಗ ನಡೆಯೋದು ಕಮ್ಮಿ ಮಾಡ್ಬೇಕು, ಬಿಡಬಾರ್ದಂತೆ. ನಾನು ಮಲಗಿಸಿ ಮಲಗಿಸಿ ಇನ್ನೂ ಬಿಗಿ ಮಾಡಿದ್ದೆ. ಔಷಧಿ ಬದಲಾಯಿಸಿದ್ರು. ಆಮೇಲೆ ಉಸಿರೆಳೆದ್ರೆ ಎದೆ ಎಷ್ಟು ಉಬ್ತೈತೆ ಅಂತ ಟೇಪು ಹಿಡಿದು, ಕುತ್ತಿಗೆ ತಿರುಗಿಸಿ ನೋಡಿ, 'ಇಷ್ಟು ನೋವಿನಾಗೂ ಹೋದ ವರ್ಷಕ್ಕಿಂತ ಚೆನ್ನಾಗೈತೆ, ಯಾರು ನಡೆಸಿದ್ದು ಇವರನ್ನ?' ಅಂತ ಕೇಳಿದ್ರು. ನನ್ನ ಮೊಮ್ಮಗ 'ನಮ್ಮ ಬಸ್ಸಿನ ಕಂಡಕ್ಟರು' ಅಂದ. ಎಷ್ಟು ಹೆಮ್ಮೆಯಿಂದ ಅಂದ ಅಂತೀಯ... ಅವನು ವಾಲಿಬಾಲ್ ಗೆದ್ದು ಬರ್ತಿದ್ನಲ್ಲ, ಆ ಮುಖ ನಾನು ಮತ್ತೆ ನೋಡಿದ್ದು ಅವತ್ತೇ."

ಸರಿತಾಳ ಕಣ್ಣೀರು ಖಾಕಿಯ ಮೇಲೆ ಬಿತ್ತು.

"ಅವನು ನಿನಗೇನೋ ಹೇಳ್ಬೇಕಂತೆ, ಅದು ಅವನೇ ಹೇಳ್ಲಿ. ನಾನು ನಿಮ್ಮವ್ವನ ಹತ್ರ ಮಾತಾಡಕ್ಕೆ ಬಂದೀನಿ." ಅವರು ಕೆಂಚಕ್ಕನ ಸಿಮೆಂಟು ತಿಂದ ಕೈ ಹಿಡಿದುಕೊಂಡರು. "ನಿನ್ನ ಮಗಳನ್ನ ನಮ್ಮನೆ ಸೊಸೆ ಮಾಡ್ಕೊಡ್ತೀಯೇನವ್ವ?"

ಕೆಂಚಕ್ಕ ಗಾಬರಿಯಾದಳು. "ಅಮ್ಮಾರೇ... ನೀವೆಲ್ಲಿ, ನಾವೆಲ್ಲಿ..."

"ಎಲ್ಲಿ ಅಂದ್ರೆ? ನಿನ್ನ ಪಕ್ಕದಾಗೇ ಕೂತಿದ್ದೀನಲ್ಲೇ!"

ಕೆಂಚಕ್ಕ ತಲೆಯೆತ್ತಿದಳು. ಮೊದಲು ಅಜ್ಜಿಯನ್ನು ನೋಡಿದಳು, ಆಮೇಲೆ ಖಾಕಿ ತೊಟ್ಟ ಮಗಳನ್ನು. "ಅವಳು ನನ್ನ ಕೈಯಾಗಿಲ್ಲ ಅಮ್ಮಾರೇ," ಎಂದಳು ನಗುತ್ತ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಅವಳೇ ಟಿಕೆಟ್ ಹರೀಬೇಕು."

ಅಷ್ಟರಲ್ಲಿ ಬಸ್ಸು ತಳಕು ದಾಟಿ ಬಂದಿತ್ತು. ಓಬಳಪ್ಪ ಜೋರಾಗಿ ಕೂಗಿದ. "ಸರಿತಮ್ಮಾ! ಇಕ್ಕಡ ಚೂಡು! ನೋಡಿಲ್ಲಿ ಯಾರು ನಿಂತೌರೆ!"

ಬೇವಿನ ಮರ. ಹೊಸ ಚಿಗುರಿನ ನೆರಳು. ಅದರಡಿಯಲ್ಲಿ ಬಿಳಿ ಶರ್ಟು, ಬೆವರಿನಿಂದ ಮೈಗೆ ಅಂಟಿಕೊಂಡ ಬಿಳಿ ಶರ್ಟು, ಕೈ ಎತ್ತಿ ಬಸ್ಸು ನಿಲ್ಲಿಸುತ್ತಿತ್ತು!

ಬಸ್ಸು ನಿಂತಿತು. ಅಮರೇಶ್ ಹತ್ತಿದ. ಮುಖ ಬಾಡಿತ್ತು, ಸ್ವಲ್ಪ ಇಳಿದುಹೋಗಿದ್ದ. ಕಣ್ಣು ಮಾತ್ರ ಹೊಳೆಯುತ್ತಿತ್ತು.

"ಬೆಳಗ್ಗೇನೇ ಕಾರಾಗೆ ಮಿಲ್ಲಿಗೆ ಹೋಗಿ, ಅಲ್ಲಿಂದ ಇಲ್ಲೀತನಕ ನಡ್ಕೊಂಡು ಬಂದೆ," ಎಂದ ಏದುಸಿರು ಬಿಡುತ್ತ. "ನೀವು ಹೇಳಿದ್ದು ಮರದಿಂದ ಮಿಲ್ಲಿಗೆ. ನಾನು ಉಲ್ಟಾ ಬಂದೆ. ನಡುವೆ ನಿಂತೆ, ಸುಧಾರಿಸ್ಕೊಂಡೆ, ಮತ್ತೆ ನಡೆದೆ. ಯುಗಾದಿ ದಾಟಿಹೋಯ್ತು... ನಡೀತೈತಾ?"

"ಅಯ್ಯೋ ನನ್ನ ಮಗನೇ, ಎಷ್ಟು ದಣಿದೀಯೋ!" ಹಿಂದಿನಿಂದ ಬಸವಲಿಂಗಮ್ಮ ಎದ್ದೇಬಿಟ್ಟರು. "ಬಾರೋ, ಬಾ, ಇಲ್ಲಿ ಕೂತ್ಕೋ..." ಎಂದವರು ತಟ್ಟನೆ ನಾಲಿಗೆ ಕಚ್ಚಿಕೊಂಡರು. "ಬೇಡ ಬೇಡ! ನಿಂತ್ಕೋ! ನೀನು ನಿಂತ್ಕೊಂಡೇ ಇರು!"

ಇಡೀ ಬಸ್ಸು ಗೊಳ್ಳೆಂದು ನಕ್ಕಿತು. ಅಜ್ಜಿಯೂ ನಕ್ಕರು, ಕೆಂಚಕ್ಕನ ಭುಜ ಹಿಡಿದುಕೊಂಡು.

ಸರಿತಾ ಮಾತ್ರ ನಗಲಾರದೆ, ಅಳಲಾರದೆ ಟಿಕೆಟ್ ಮಷೀನು ಹಿಡಿದು ನಿಂತಿದ್ದಳು.

"ಎಲ್ಲಿಗೆ?" ಎಂದಳು.

"ನಾಳೆಯಿಂದ ನೀವು ಬಳ್ಳಾರಿ ಬಸ್ಸಿಗಂತೆ. ಓಬಳಪ್ಪಣ್ಣ ಹೇಳ್ದ. ನಂಗೂ ಬಳ್ಳಾರಿಗೇ ಕೊಡ್ರಿ."

"ಬಳ್ಳಾರಿನಾಗೆ ನಿಮಗೇನು ಕೆಲಸ?"

"ಏನೂ ಇಲ್ಲ. ನೀವಿರ್ತೀರಲ್ಲ."

ಯಾರೋ ಶಿಳ್ಳೆ ಹೊಡೆದರು. "ಸುಮ್ನಿರ್ರೋ!" ಎಂದು ಪಾಪಕ್ಕ ಗದರಿದಳು.

"ಸರಿತಾ..." ಅವನು ಮೊದಲ ಸಲ ಮೇಡಂ ಎನ್ನದೆ ಹೆಸರು ಹಿಡಿದು ಕರೆದ. "ನಿಮ್ಮನ್ನ ಕಂಡ್ರೆ ನಂಗೆ ಇಷ್ಟ. ತುಂಬ ಇಷ್ಟ. ನಾಳೆ ಬೆಳಗ್ಗೆ ನನ್ನ ಬೆನ್ನು ಹೆಂಗಿರ್ತೈತೋ ನಂಗೆ ಗೊತ್ತಿಲ್ಲ. ಇದು ಪೂರ್ತಿ ಹೋಗೋ ಕಾಯಿಲೆ ಅಲ್ಲ, ಸುಳ್ಳು ಹೇಳಲ್ಲ. ನನ್ನ ಹೊತ್ಕೊಂಡು ಹೋಗೋರು ಮನೆ ತುಂಬ ಅವ್ರೆ. ನೀವು ಜೊತೆಗೆ ನಡೆದ್ರೆ ಸಾಕು. ನಡೀತೀರಾ?"

ಅವಳು ಕಣ್ಣೊರೆಸಿಕೊಂಡು ಗದ್ದ ಎತ್ತಿದಳು. ಖಾಕಿಯ ಗತ್ತು ವಾಪಸು ಬಂದಿತ್ತು.

"ನಡೀತೀನಿ. ಬಳ್ಳಾರಿ ಬ್ಯಾಡ ಅಂತ ಇವತ್ತೇ ಡಿಪೋದಾಗೆ ಹೇಳ್ತೀನಿ. ಆದ್ರೆ ನಂಗೆ ಅಯ್ಯೋ ಪಾಪ ಅನ್ನಕ್ಕೆ ಬರಲ್ಲ. ಚಳ್ಳಕೆರೆಗೆ ಟಿಕೆಟ್ಟೂ ಕೊಡಲ್ಲ. ಒಪ್ಪಿಗೆನಾ?"

"ಒಪ್ಪಿಗೆ."

ಅವಳು ಇಟ್ಟಿಗೆ ಗೂಡಿಗೆ ಟಿಕೆಟ್ಟು ಹರಿದು ಅವನ ಕೈಗಿಟ್ಟಳು. ಅಂಗೈಗೆ ಬೆರಳು ತಾಗಿದ್ದು ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಬಾಗಿಲ ಕಡೆ ಹೋಗಿ ತುಂಬು ಉಸಿರಿನಲ್ಲಿ ಸೀಟಿ ಊದಿದಳು. ಬಸ್ಸು ಹೊರಟಿತು.

ಅವಳು ಅವನ ಪಕ್ಕಕ್ಕೆ ಬಂದು ಕಂಬಿ ಹಿಡಿದು ನಿಂತಳು, ಎದುರಿಗಲ್ಲ. ಅವನು ಭುಜ ಕದಲಿಸದೆ, ನಿಧಾನವಾಗಿ ಕುತ್ತಿಗೆ ತಿರುಗಿಸಿ ಅವಳನ್ನು ನೋಡಿದ. ನೋಡುತ್ತಲೇ ಇದ್ದ.

"ತಿರುಗಿಯೂ ನೋಡಲ್ಲ ಅಂತ ಸಿಟ್ಟಾಗಿದ್ರಿ ಅವತ್ತು."

"ಸಾಕು ಮುಂದೆ ನೋಡ್ರಿ. ಕುತ್ತಿಗೆ ನೋಯಲ್ವಾ?"

"ನೋಯ್ತೈತೆ."

"ಮತ್ತೆ?"

"ಇರ್ಲಿ ಬಿಡ್ರಿ. ಇನ್ನೊಂದು ಸ್ಟಾಪು."